ಜ಼ಾನಾ: ಹೆಸರಿನ ಮೂಲವೂ ದೇವತೆಯ ಮೂಲವೂ

ಉತ್ತರ ಆಲ್ಬೇನಿಯದ ವನದೇವತೆಯರಾದ ಜ಼ಾನಾಗಳು ಬುಗ್ಗೆಗಳ ಬಳಿ ವಾಸಿಸುವರು, ಕೆಣಕಿದವರನ್ನು ಕಲ್ಲಾಗಿಸುವರು. 1937ರಲ್ಲಿ ಪಲಾಯ್ ಮತ್ತು ಕುರ್ತಿ ಪ್ರಕಟಿಸಿದ ವೀರಗೀತೆಗಳಲ್ಲಿ ಮುಯಿ ಎಂಬ ದನಗಾಹಿ ಬಾಲಕನ ಪ್ರಸಂಗವುಂಟು. ಕಾಡಿನಲ್ಲಿ ಅಳುತ್ತಿದ್ದ ಕೂಸುಗಳ ತೊಟ್ಟಿಲನ್ನು ಅವನು ತೂಗಿದನು. ತಾಯಂದಿರಾದ ಜ಼ಾನಾಗಳು ಮೆಚ್ಚಿ ಎದೆಹಾಲೂಡಿ ಮಹಾಬಲವನ್ನಿತ್ತರು.

ಈ ಹೆಸರು ಲ್ಯಾಟಿನ್ನಿನ ಡಿಯಾನಾ ಎಂಬುದರಿಂದ ಬಂದುದೆಂದು ಹಲವು ವಿದ್ವಾಂಸರ ಮತ. ಕ್ರೊಯೇಷಿಯದ ಟೊಪುಸ್ಕೊದಲ್ಲಿ ದೊರೆತ ರೋಮನ್ ಕಾಲದ ಶಾಸನಗಳಲ್ಲಿ ವಿಡಾಸುಸ್ ದೇವನೊಡನೆ ಥಾನಾ ಎಂಬ ದೇವತೆಯ ಹೆಸರಿರುವುದರಿಂದ, ಅದೇ ಮೂಲವೆಂದವರೂ ಉಂಟು. ರುಮೇನಿಯನ್ ಭಾಷೆಯಲ್ಲಿ ಅಪ್ಸರೆಗಿರುವ ಹೆಸರೂ ಡಿಯಾನಾಜನ್ಯವೆಂದೇ ಎಣಿಕೆಯಾದುದರಿಂದ ನಾವು ಮೊದಲ ಮತದತ್ತ ವಾಲುತ್ತೇವೆ. ಆದರೆ ಹೆಸರು ರೋಮಿನದಾದ ಮಾತ್ರಕ್ಕೆ ದೇವತೆಯೂ ರೋಮಿನವಳೆನ್ನುವುದು ಅವಸರದ ತೀರ್ಮಾನ. ಬೇಟೆಯ ಕನ್ಯೆಯಾದ ಡಿಯಾನಾ ತೊಟ್ಟಿಲು ಕಟ್ಟಿದವಳಲ್ಲ.