ಊರ ಮಾತಿಗೊಂದು ಕಟ್ಟೆ

ಕಳೆದ ಬೇಸಿಗೆಯ ರಜೆಯಲ್ಲಿ ಕಂದಿಕೆರೆಯ ನೆಂಟರ ಮನೆಗೆ ಹೋಗಿದ್ದಾಗ ಒಂದು ಸಂಜೆ ಅರಳಿಕಟ್ಟೆಯ ಮೇಲೆ ಕುಳಿತುಕೊಳ್ಳುವ ಯೋಗ ಒದಗಿತು. ಕೊಬ್ಬರಿಯ ಧಾರಣೆ, ತೆಂಗಿನ ನುಸಿಪೀಡೆ, ಬತ್ತಿದ ಕೊಳವೆಬಾವಿ ಎಂದು ಮಾತು ಕ್ರಮವಾಗಿ ಸಾಗಿತ್ತು. ಅಷ್ಟರಲ್ಲಿ ಎರಡು ಮೋಟಾರು ಬೈಕುಗಳು ಕಿವಿಗಡಚಿಕ್ಕುವ ಸದ್ದು ಮಾಡುತ್ತ ಹಾದುಹೋದುವು. ಒಂದರ ಮುಂಗಾಲಿಯಂತೂ ನೆಲದ ಸಹವಾಸವೇ ಬೇಡವೆಂಬಂತೆ ಆಕಾಶ ನೋಡುತ್ತಿತ್ತು. ಧೂಳು ಅಡಗುವವರೆಗೆ ಯಾರೂ ಬಾಯಿ ತೆರೆಯಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ತೆರೆದರು.

“ಹಿಡಿದು ಪೊಲೀಸರಿಗೆ ಕೊಡ್ಬೇಕು” ಎಂದರು ಒಬ್ಬರು. “ನಮ್ಮ ಹುಡುಗ್ರೇ ಅಲ್ವೇ, ಕರೆದು ಬುದ್ಧಿ ಹೇಳಿದ್ರೆ ಸಾಕು” ಎಂದರು ಇನ್ನೊಬ್ಬರು. ಮೊಮ್ಮಗನಿಗೆ ಬೈಕು ಕೊಡಿಸಿದ್ದ ಹಿರಿಯರೊಬ್ಬರು ನಿಧಾನವಾಗಿ, “ತೋಟ ಬಿಟ್ಟು ಬೆಂಗಳೂರಿಗೆ ಹೊರಟೋನನ್ನ ಊರಲ್ಲಿ ಉಳಿಸ್ಕೊಳ್ಳೋಕೆ ಇನ್ನೇನು ಕೊಡಿಸ್ಬೇಕಿತ್ತು, ಹೇಳಿ” ಎಂದರು. ಅದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ. ಕೊನೆಗೆ ಒಬ್ಬರು ನನ್ನ ಕಡೆ ತಿರುಗಿ, “ಏನ್ ಮೇಷ್ಟ್ರೇ, ಇದನ್ನ ಯಾರಿಗೆ ಹೇಳೋಣ?” ಎಂದು ಕೇಳಿದರು.

ಬೈಕು ಹೊಸದು, ಆದರೆ ಆ ಪ್ರಶ್ನೆ ಬಹು ಹಳೆಯದು. ಊರಿನ ಕಷ್ಟವನ್ನು ಎಲ್ಲಿ ಆಡಬೇಕು, ಯಾರು ಆಡಬೇಕು, ಯಾರು ಕೇಳಬೇಕು ಎಂಬುದನ್ನು ಕನ್ನಡ ಜನ ಸಾವಿರ ವರ್ಷಗಳಿಂದಲೂ ಯೋಚಿಸುತ್ತ ಬಂದಿದ್ದಾರೆ.

ಬಿ. ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ನಮ್ಮ ನಾಡಿನ ಇಂತಹ ಶಾಸನಗಳಲ್ಲಿ ಅರಸರ ಬಿರುದುಗಳನ್ನು ದಾಟಿ ಮುಂದೆ ಹೋದರೆ ಮಹಾಜನರು, ಗಾವುಂಡರು, ನಖರದ ಸೆಟ್ಟಿಗಳು ಎದುರಾಗುತ್ತಾರೆ. ಕೆರೆಗೆ ಬಿಟ್ಟ ಮಣ್ಣು, ದೇವರಿಗೆ ಬಿಟ್ಟ ಗದ್ದೆ, ಸಂತೆಯ ಸುಂಕ ಇವುಗಳ ಮಾತಿಗೆ ಅವರು ಸಾಕ್ಷಿಗಳು, ಎಷ್ಟೋ ವೇಳೆ ಕರ್ತೃಗಳು. ‘ಊರಿನ ಹತ್ತು ಸಮಸ್ತರು’ ಎಂದು ಹಳ್ಳಿಗರು ಇಂದಿಗೂ ಆಡುವ ಮಾತಿನ ಹಿಂದೆ ಇರುವುದು ಇಂತಹ ಪರಂಪರೆಯೇ. ಆದರೆ ಅದನ್ನು ಕಂಡು ನಾವು ಮೈಮರೆಯಬೇಕಾಗಿಲ್ಲ. ಅಗ್ರಹಾರದ ಮಹಾಜನರೆಂದರೆ ಅಲ್ಲಿಯ ಬ್ರಾಹ್ಮಣರು, ಗಾವುಂಡರೆಂದರೆ ನೆಲವುಳ್ಳವರು. ಆ ಕೆರೆಯನ್ನು ಅಗೆದವರಿಗೆ, ಆ ಗದ್ದೆಯನ್ನು ಉತ್ತವರಿಗೆ, ಹೆಂಗಸರಿಗೆ ಆ ‘ಸಮಸ್ತ’ದಲ್ಲಿ ಸಾಮಾನ್ಯವಾಗಿ ಸ್ಥಳವಿರಲಿಲ್ಲ.

ಇಡೀ ಸಂಸ್ಥಾನಕ್ಕೇ ಒಂದು ಕಟ್ಟೆ ಕಟ್ಟಿದವರು ದಿವಾನ್ ರಂಗಾಚಾರ್ಲು. ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದ 1881ರಲ್ಲಿಯೇ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ನೆರೆಯಿತು. ಬಂದವರು 144 ಮಂದಿ. ತಾಲ್ಲೂಕಿಗೆ ಒಬ್ಬಿಬ್ಬರು ಜಮೀನುಳ್ಳ ರೈತರು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು ಎಂಬುದು ಏರ್ಪಾಡು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ದಿವಾನರ ವರದಿಯನ್ನು ಕೇಳುವುದು, ತಮ್ಮ ಸೀಮೆಯ ಅಹವಾಲನ್ನು ಅರಿಕೆ ಮಾಡಿಕೊಳ್ಳುವುದು ಇಷ್ಟೇ. ‘ಅರಿಕೆ’ ಎಂಬ ಶಬ್ದದಲ್ಲಿಯೇ ಕೈಮುಗಿದ ಭಂಗಿಯೊಂದು ಇದೆ, ನಿಜ. ಆದರೂ ರಸ್ತೆ ಕೆಟ್ಟಿದೆ, ಕೆರೆ ಒಡೆದಿದೆ, ದನಕ್ಕೆ ಹುಲ್ಲುಗಾವಲಿಲ್ಲ ಎಂಬ ಹಳ್ಳಿಯ ಮಾತು ದಿವಾನರ ಎದುರಿಗೆ ಬಹಿರಂಗವಾಗಿ ನುಡಿಯಲ್ಪಟ್ಟು ದಾಖಲೆಯಾಯಿತಲ್ಲ, ಅದು ಸಣ್ಣ ವಿಷಯವಲ್ಲ. 1891ರಿಂದ ಚುನಾವಣೆ ಬಂದಿತು. 1923ರಲ್ಲಿ ಸಭೆಗೆ ಶಾಸನದ ಬಲ ಬಂದು ಹೆಂಗಸರ ಮತಕ್ಕೆ ಇದ್ದ ಅಡ್ಡಿಯೂ ಹೋಯಿತು. 1949ರಲ್ಲಿ ಸಭೆಯೇ ಮುಗಿಯಿತು. ಅಷ್ಟು ಹೊತ್ತಿಗೆ ಪ್ರಜೆ ಅರಿಕೆ ಮಾಡುವವನಲ್ಲ, ಆಳುವವನೇ ಎಂಬ ಕಾಲ ಬಂದಿತ್ತು.

ಹಳ್ಳಿಯ ಕಟ್ಟೆಗೆ ನಿಜವಾದ ಕಸುವು ಬಂದುದು ಬಹಳ ತಡವಾಗಿ. ಮೈಸೂರಿನಲ್ಲಿ ಗ್ರಾಮ ಪಂಚಾಯಿತಿಯ ಕಾನೂನು 1926ರಲ್ಲಿಯೇ ಇತ್ತು. ಆದರೆ ‘ನೀರ್ ಸಾಬ್’ ಎಂದು ಜನ ಪ್ರೀತಿಯಿಂದ ಕರೆದ ಅಬ್ದುಲ್ ನಜೀರ್ ಸಾಬ್ ಅವರ ಶ್ರದ್ಧೆಯಿಂದ 1983ರ ಅಧಿನಿಯಮ ರೂಪುಗೊಂಡು, 1987ರಲ್ಲಿ ಚುನಾವಣೆ ನಡೆದಾಗ, ನಾಲ್ಕರಲ್ಲೊಂದು ಪಾಲು ಸ್ಥಾನ ಹೆಂಗಸರಿಗೆ ಮೀಸಲಾಯಿತು. ಸಂವಿಧಾನದ 73ನೆಯ ತಿದ್ದುಪಡಿಯ ತರುವಾಯ 1993ರಲ್ಲಿ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಬಂದಿತು. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಎಲ್ಲರೂ ಗ್ರಾಮಸಭೆಯ ಸದಸ್ಯರೇ. ನಗರಗಳಿಗೆ 74ನೆಯ ತಿದ್ದುಪಡಿ ಇದೆ. 3 ಲಕ್ಷ ಅಥವಾ ಅದಕ್ಕೂ ಮಿಕ್ಕ ಜನಸಂಖ್ಯೆಯಿರುವ ಕಡೆ ವಾರ್ಡು ಸಮಿತಿಗಳು ಇರಬೇಕೆಂದು ಅದು ವಿಧಿಸಿದೆ. ಕಾಗದದ ಮೇಲೆ ಕಟ್ಟೆ ಇಷ್ಟು ಅಗಲವಾದುದು ಹಿಂದೆಂದೂ ಇಲ್ಲ.

ಹಾಗಿದ್ದೂ “ಯಾರಿಗೆ ಹೇಳೋಣ?” ಎಂಬ ಪ್ರಶ್ನೆ ಏಕೆ ಉಳಿಯಿತು? ಕಟ್ಟೆಯಿದ್ದೂ ನಾವು ಅದನ್ನು ಹತ್ತದೆ ಇರುವುದರಿಂದ ಎಂದು ನನಗೆ ತೋರುತ್ತದೆ. ಹತ್ತದಿದ್ದರೆ ಏನಾಗುತ್ತದೆಂಬುದಕ್ಕೆ ದೃಷ್ಟಾಂತ ದೂರವಿಲ್ಲ. 2024ರ ಆಗಸ್ಟಿನಲ್ಲಿ, ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ ನೆಲಮಂಗಲದ ಹತ್ತಿರ, ವೀಲಿ ಮಾಡುತ್ತಿದ್ದ ಹುಡುಗರನ್ನು ಅಡ್ಡಗಟ್ಟಿದ ಜನ ಎರಡು ಸ್ಕೂಟರುಗಳನ್ನು ಎತ್ತಿ ಮೇಲುಸೇತುವೆಯಿಂದ ಕೆಳಕ್ಕೆ ಎಸೆದರು. ಅದರ ಚಿತ್ರವನ್ನು ನೋಡಿದ ಎಷ್ಟೋ ಮಂದಿ “ಸರಿಯಾಗಿ ಮಾಡಿದರು” ಎಂದರು. ಒಂದು ಗಳಿಗೆ ನಾನೂ ಹಾಗೆಯೇ ಅಂದುಕೊಂಡೆನೆಂದು ಒಪ್ಪಿಕೊಳ್ಳಬೇಕು. ಆದರೆ ಮೇಲಿನಿಂದ ಬೀಳುವ ಸ್ಕೂಟರು ಕೆಳಗಿನ ದಾರಿಯಲ್ಲಿ ಹೋಗುವವನ ತಪ್ಪು ಒಪ್ಪುಗಳನ್ನು ವಿಚಾರಿಸುವುದಿಲ್ಲ. ಮಾತು ಸೋತ ಕಡೆ ಕೈ ಮುಂದಾಗುತ್ತದೆ.

ಕಾನೂನು ಇಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆ ಅಪಾಯಕರ ಚಾಲನೆಯನ್ನು ಶಿಕ್ಷಿಸುತ್ತದೆ; 2019ರ ತಿದ್ದುಪಡಿಯ ಪ್ರಕಾರ ಬಾಲಕ ವಾಹನ ನಡೆಸಿ ಅಪರಾಧವೆಸಗಿದರೆ ತಂದೆತಾಯಿಗೋ ವಾಹನದ ಮಾಲೀಕನಿಗೋ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ಆಗಬಹುದು. 2025ರಲ್ಲಿ ಗಂಗಾವತಿಯ ವೀಲಿ ಪ್ರಕರಣವೊಂದರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಜಾಮೀನು ನಿರಾಕರಿಸಿ, ಇರುವ ಕಾನೂನು ಈ ಪಿಡುಗಿಗೆ ಸಾಲದೆಂದೂ ಹೇಳಿತು. ಆದರೆ ಕೋರ್ಟು ಬರುವುದು ಅನಾಹುತದ ಹಿಂದೆ; ಊರು ಇರಬೇಕಾದುದು ಅದರ ಮುಂದೆ.

ಮಾತು ನೆಟ್ಟಗೆ ನಡೆದರೆ ಏನು ಸಾಧ್ಯವೆಂಬುದಕ್ಕೆ ಹೆಸರಘಟ್ಟವನ್ನು ನೋಡಬಹುದು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಆ ಹುಲ್ಲುಗಾವಲಿನ ಮೇಲೆ ನಗರದ ಮೋಜಿನ ಜೀಪು ಬೈಕುಗಳು ಹರಿದಾಡಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೂ ಎಡೆಯಿಲ್ಲದಂತಾಗಿತ್ತು. ಅದನ್ನು ಸಂರಕ್ಷಿಸಬೇಕೆಂದು ಪಕ್ಷಿಪ್ರಿಯರು ಪಟ್ಟು ಹಿಡಿದರು. ದನ ಮೇಯಿಸುವ ಹಕ್ಕು ಹೋಗುತ್ತದೆಂದು ಸುತ್ತಲಿನವರು ಹೆದರಿದರು. ಎರಡು ಕಡೆಯೂ ನ್ಯಾಯವಿತ್ತು. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಪ್ರಸ್ತಾವವನ್ನು ತಳ್ಳಿಹಾಕಿತು. ವಾದ ನಿಲ್ಲಲಿಲ್ಲ, ನ್ಯಾಯಾಲಯದವರೆಗೂ ಹೋಯಿತು. 2024ರಲ್ಲಿ 5,600 ಎಕರೆಗೂ ಮಿಕ್ಕ ನೆಲ ಸಂರಕ್ಷಣಾ ಮೀಸಲು ಪ್ರದೇಶವಾಗಲು ಒಪ್ಪಿಗೆ ದೊರೆಯಿತು. ಇಂತಹ ಮೀಸಲಿನ ಆಡಳಿತ ಸಮಿತಿಯಲ್ಲಿ ಅದು ಯಾವ ಯಾವ ಗ್ರಾಮ ಪಂಚಾಯಿತಿಗೆ ಸೇರಿದೆಯೋ ಅವುಗಳ ಪ್ರತಿನಿಧಿಗಳಿಗೂ ಕಾನೂನೇ ಸ್ಥಾನ ಕೊಟ್ಟಿದೆ. ಹೆದರಿದವನಿಗೂ ಕಟ್ಟೆಯ ಮೇಲೆ ಜಾಗವಿದ್ದರೆ ಭಯ ಅರ್ಧ ಇಳಿಯುತ್ತದೆ.

ಇಷ್ಟನ್ನೂ ನೆನೆದಮೇಲೆ ಅಂದಿನ ಸಂಜೆಯ ಒಂದು ಸಂಗತಿ ನನ್ನನ್ನು ಚುಚ್ಚತೊಡಗಿತು. ಆ ಹುಡುಗರ ವಿಚಾರವನ್ನು ನಾವು ಒಂದು ಗಂಟೆ ಮಾತನಾಡಿದೆವು. ಆದರೆ ಕಟ್ಟೆಯ ಮೇಲೆ ಒಬ್ಬ ಹುಡುಗನೂ ಇರಲಿಲ್ಲ. ಬೈಕಿನ ಸದ್ದಿಗೆ ಬೆಚ್ಚಿ ಮಗುವನ್ನು ಎಳೆದುಕೊಂಡು ಬಾಗಿಲಿಗೆ ಸರಿದ ಹೆಂಗಸೂ ಇರಲಿಲ್ಲ. ಶಾಸನದ ಮಹಾಜನರು ಗೇಣಿದಾರನನ್ನು ಕೇಳದೆ ಇದ್ದಂತೆಯೇ ನಾವೂ ಇದ್ದೆವು. ಕಟ್ಟೆ ಯಾವ ಕಾಲದಲ್ಲಿಯೂ ಸೋತಿರುವುದು ಅದರ ಮೇಲೆ ಕುಳಿತವರ ಮಾತಿನಿಂದಲ್ಲ, ಕೂರಿಸದೆ ಬಿಟ್ಟವರ ಮೌನದಿಂದ.

ಹದಿನೆಂಟು ತುಂಬದವನಿಗೆ ಗ್ರಾಮಸಭೆಯಲ್ಲಿ ಸದಸ್ಯತ್ವವಿಲ್ಲ. ಆದರೆ 2006ರ ಸುಮಾರಿನಿಂದ ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಎಂಬುದೊಂದು ಬಂದಿದೆ. ಅಲ್ಲಿ ಮಕ್ಕಳು ಕೇಳಬೇಕು, ಪಂಚಾಯಿತಿಯವರು ಉತ್ತರ ಹೇಳಬೇಕು. ಬೈಕು ಹತ್ತುವ ಹುಡುಗ ಅಲ್ಲಿ ಎದ್ದು ನಿಂತು “ಆಡೋಕೆ ನಮಗೆ ಬಯಲೆಲ್ಲಿದೆ?” ಎಂದು ಕೇಳಿದರೆ ನಾವು ಏನು ಹೇಳುತ್ತೇವೆ? ಅದಕ್ಕೆ ಉತ್ತರ ಸಿದ್ಧಮಾಡಿಕೊಂಡಮೇಲೆ “ದಾರಿಯಲ್ಲಿ ಹೀಗೆ ಓಡಿಸಬೇಡ” ಎನ್ನುವ ನಮ್ಮ ಮಾತಿಗೆ ತೂಕ ಬಂದೀತು.

ಕಂದಿಕೆರೆಯ ಸೀಮೆಯವರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅವಸರಪಟ್ಟು ಒಡೆದರೆ ಒಳಗೆ ನೀರೇ ಇರುತ್ತದೆ. ಊರ ಮಾತೂ ಹಾಗೆಯೇ. “ಯಾರಿಗೆ ಹೇಳೋಣ?” ಎಂದು ಕೇಳಿದ ಆ ಹಿರಿಯರಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಇಂದು ಹೇಳುತ್ತೇನೆ: ಮುಂದಿನ ಗ್ರಾಮಸಭೆಗೆ ಹೋಗಿ ಹೇಳಿ, ಹೋಗುವಾಗ ಮೊಮ್ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ.