ಹೊಲದಡಿಯ ಗ್ಯಾಸು, ಒಲೆಯ ಗ್ಯಾಸು

2013ರಿಂದ ನಮ್ಮ ಧಾರವಾಡ ಜಿಲ್ಲೆಯ ಹೊಲಗಳ ಅಡಿಯಲ್ಲಿ ಗ್ಯಾಸು ಹರಿಯುತ್ತಿದೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಗೇಲ್ ಕಂಪನಿ ಹಾಕಿದ, ಸುಮಾರು 1000 ಕಿ.ಮೀ. ಉದ್ದದ ಪೈಪ್‌ಲೈನ್ ಅದು. ದಾಭೋಳದ ಗ್ಯಾಸ್ ಟರ್ಮಿನಲ್ ಶುರುವಾದದ್ದು ಎನ್ರಾನ್ ಕಂಪನಿಯ ವಿದ್ಯುತ್ ಸ್ಥಾವರದ ಜೊತೆಗೆ. 2001ರಲ್ಲಿ ಎನ್ರಾನ್ ದಿವಾಳಿಯಾಯಿತು, ಕೆಲಸ ಅರ್ಧಕ್ಕೆ ನಿಂತಿತು. ಮುಂದೆ ಬೇರೆಯವರು ಅದನ್ನು ಮುಗಿಸಿದರು.

ನಮ್ಮ ಸಿಲಿಂಡರಿನಲ್ಲಿರುವುದೂ ಇದೇ ಗ್ಯಾಸಾ? ಅಲ್ಲ. ಬಾವಿಯಿಂದ ಎದ್ದ ಗ್ಯಾಸು ಆಗತಾನೇ ಕರೆದ ಹಾಲಿದ್ದಂತೆ, ಸೋಸದೆ ಬಳಸಲಾಗದು. ಅದರಲ್ಲಿ ನೀರಿನ ಆವಿ ಉಳಿದರೆ ಪೈಪಿನೊಳಗೆ ಮಂಜುಗಡ್ಡೆಯಂತೆ ಕಟ್ಟಿಕೊಳ್ಳುತ್ತದೆ. ಗಂಧಕದ ಅನಿಲ ಉಳಿದರೆ ಕಬ್ಬಿಣ ತಿನ್ನುತ್ತದೆ. ಅವನ್ನು ತೆಗೆದು, ತಣಿಸಿ, ಕೆನೆ ತೆಗೆದಂತೆ ಪ್ರೊಪೇನ್, ಬ್ಯೂಟೇನ್ ಬೇರ್ಪಡಿಸುತ್ತಾರೆ. ಸಿಲಿಂಡರಿಗೆ ಹೋಗುವುದು ಈ ಕೆನೆ. (ಕಚ್ಚಾ ಎಣ್ಣೆ ಸೋಸುವಾಗಲೂ ಇದು ಸಿಗುತ್ತದೆ.) ಉಳಿದದ್ದು ಮೀಥೇನ್. ಮೈನಸ್ 162 ಡಿಗ್ರಿಗೆ ತಣಿಸಿದರೆ ಅದು ನೀರಾಗಿ, ಸುಮಾರು 600ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಕುಗ್ಗಿ ಹಡಗು ಹತ್ತುತ್ತದೆ. ದಾಭೋಳದಲ್ಲಿ ಕಾಯಿಸಿ, ಮತ್ತೆ ಅನಿಲ ಮಾಡಿ ಪೈಪಿಗೆ ಬಿಡುತ್ತಾರೆ.

ಪೈಪ್ ಹೋದರೂ ಹೊಲ ರೈತರದೇ. 1962ರ ಕಾಯ್ದೆಯಂತೆ ಕಂಪನಿಗೆ ಸಿಗುವುದು ಬಳಸುವ ಹಕ್ಕಷ್ಟೇ. ಅದಕ್ಕೆ ಪರಿಹಾರ ಅಧಿಸೂಚನೆ ದಿನದ ಮಾರುಕಟ್ಟೆ ಬೆಲೆಯ ಶೇ. 10, ಬೆಳೆಹಾನಿ ಬೇರೆ. ಪೈಪಿನ ಪಟ್ಟಿಯ ಮೇಲೆ ಜೋಳ, ಕಡಲೆ ಬಿತ್ತಬಹುದು. ಮನೆ ಕಟ್ಟುವಂತಿಲ್ಲ, ಮರ ಬೆಳೆಸುವಂತಿಲ್ಲ, ಬಾವಿ-ಹೊಂಡ ತೋಡುವಂತಿಲ್ಲ. ಕೃಷಿಹೊಂಡವನ್ನೇ ನಂಬಿದ ಎರೆಹೊಲದವರಿಗೆ ಈ ಕೊನೆಯದೇ ದೊಡ್ಡ ಪೆಟ್ಟು, ಶೇ. 10 ತೀರಾ ಕಡಿಮೆ ಅನ್ನುವುದು ನಮ್ಮ ಲೆಕ್ಕ. ಇದೇ ಜಿಲ್ಲೆಯ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಒಲೆಗೆ ಪೈಪಿನ ಗ್ಯಾಸು ಬಂದಿದೆ. ನಮ್ಮ ಹಳ್ಳಿಗಳಲ್ಲಿ ಇನ್ನೂ ಸಿಲಿಂಡರಿಗೇ ಬುಕಿಂಗ್.