ಶಿವನಸಮುದ್ರದ ವಿದ್ಯುಚ್ಛಕ್ತಿಯೂ ಅದರ ಮೌಲ್ಯವೂ

ಚಾಮರಾಜನಗರದ ಸಮೀಪದ ಹರದನಹಳ್ಳಿಯಲ್ಲಿ ಉರಿಯುವ ದೀಪದ ದರವನ್ನು ಇಂದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿರ್ಣಯಿಸುವುದು. ಆ ದರದ ಮೂಲತತ್ತ್ವವನ್ನು ಅರಸುವವರು ಕಾವೇರಿಯ ದಡಕ್ಕೆ ಹೋಗಬೇಕು. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಕೈಗೊಂಡ ಕಾರ್ಯದ ಫಲವಾಗಿ 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ಶಕ್ತಿಯು ಸುತ್ತಲಿನ ಗ್ರಾಮಗಳಿಗೆ ಬೆಳಕಾಗದೆ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮೊದಲು ಸಂದಿತು. ಬೆಂಗಳೂರಿಗೆ 1905ರಲ್ಲಿ ದೊರೆಯಿತು. ಬೇಸಗೆಯಲ್ಲಿ ನದಿಯು ಕ್ಷೀಣಿಸಿದರೆ ಯಂತ್ರಗಳ ಬಲವೂ ಕುಂದುವುದು. ಈ ಕೊರತೆಯನ್ನು ನೀಗುವುದೂ 1911ರಲ್ಲಿ ತೊಡಗಿದ ಕೃಷ್ಣರಾಜಸಾಗರದ ಉದ್ದೇಶಗಳಲ್ಲೊಂದು. ಬೀಳುವ ನೀರಿಗೆ ಬೆಲೆಯಿಲ್ಲದಿದ್ದರೂ ಅದನ್ನು ಕಾದಿಡುವುದಕ್ಕೆ ಬೆಲೆಯುಂಟು. ರಾಯಚೂರಿನಲ್ಲಾದರೋ ಸುಡುವ ಕಲ್ಲಿದ್ದಲಿಗೇ ಬೆಲೆ ತೆರಬೇಕು. ಪಾವಗಡದ ಬಿಸಿಲು ಉಚಿತವಾದರೂ ರಾತ್ರಿಗೆ ಒದಗದು. ಹರದನಹಳ್ಳಿಯ ದೀಪದ ದರದಲ್ಲಿ ಇವೆಲ್ಲವೂ ಅಡಗಿವೆ. ಆದುದರಿಂದ ದರವೆಂಬುದು ಶಕ್ತಿಯ ಬೆಲೆ ಮಾತ್ರವಲ್ಲ, ಬೇಕಾದಾಗ ಅದು ದೊರೆಯುವುದರ ಬೆಲೆಯೂ ಹೌದು.